ಓಬವ್ವನ ಕಿಂಡಿಗೆ ಫ್ಲೆಕ್ಸ್ ಬೇಡ, ಹಳೆಯ ಪತ್ರಿಕೆ ಸಾಕು

ಮಾನ್ಯ ಸಂಪಾದಕರೇ,

ನವೆಂಬರ್ 11ರ ಒನಕೆ ಓಬವ್ವ ಜಯಂತಿ ಹತ್ತಿರವಾಗುತ್ತಿದ್ದಂತೆ ನಮ್ಮ ಚಿತ್ರದುರ್ಗದ ಶಾಲೆಗಳಲ್ಲಿ ಓಬವ್ವನ ನಾಟಕದ ತಾಲೀಮು ಶುರುವಾಗಿದೆ. ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಈಚೆಗೆ ಶಿಕ್ಷಕರೊಬ್ಬರು, ರಂಗಸಜ್ಜಿಕೆಯ ಬಾಡಿಗೆ ಕೈಗೆಟುಕದೆ ತಮ್ಮ ಶಾಲೆಯವರು ನಾಟಕವನ್ನೇ ಕೈಬಿಟ್ಟು ಸಮೂಹ ನೃತ್ಯಕ್ಕೆ ಒಪ್ಪಿಕೊಳ್ಳಬೇಕಾಯಿತೆಂದು ನೊಂದು ಬರೆದಿದ್ದರು. ಅದಕ್ಕೆ ಉತ್ತರವಾಗಿ ಮತ್ತೊಬ್ಬ ಓದುಗರು, ದಾನಿಗಳನ್ನು ಹಿಡಿದು ದೊಡ್ಡ ಫ್ಲೆಕ್ಸನ್ನೋ ಎಲ್‌ಇಡಿ ಪರದೆಯನ್ನೋ ತರಿಸಿದರೆ ಕೋಟೆಯೇ ವೇದಿಕೆಯ ಮೇಲೆ ಬಂದು ನಿಲ್ಲುತ್ತದೆ ಎಂದು ಸಲಹೆ ಕೊಟ್ಟಿದ್ದರು. ಮೊದಲನೆಯವರ ನೋವು ನನಗೆ ಅರ್ಥವಾಗುತ್ತದೆ. ಎರಡನೆಯವರ ಸಲಹೆಯನ್ನು ಮಾತ್ರ ಒಪ್ಪಲಾರೆ. ಕೋಟೆಯನ್ನು ವೇದಿಕೆಗೆ ತರಲು ದಾನಿಗಳು ಬೇಕಿಲ್ಲ, ತಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳು, ಎರಡು ಕಿಲೋ ಮೈದಾ ಮತ್ತು ಹದಿನೈದು ದಿನದ ಬಿಸಿಲು ಸಾಕು ಎಂಬುದನ್ನು ಅನುಭವದಿಂದ ಹೇಳಬಲ್ಲೆನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದ್ದರೆ ಮನ್ನಿಸಬೇಕು.

ನಾನು 31 ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದವನು. ಸೇವೆಗೆ ಸೇರಿದಾಗ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು. 1997ರಲ್ಲಿ ಜಿಲ್ಲೆ ಇಬ್ಭಾಗವಾದ ಮೇಲೆ ಕೆಲವು ವರ್ಷ ಆ ಕಡೆಗೂ ಕೆಲವು ವರ್ಷ ಈ ಕಡೆಗೂ ದುಡಿದೆ. ಚಿತ್ರಕಲಾ ಶಿಕ್ಷಕನೆಂದರೆ ವಾರ್ಷಿಕೋತ್ಸವದ ಸೀನರಿ ಅವನ ತಲೆಗೇ ಎಂಬುದು ಎಲ್ಲ ಶಾಲೆಗಳಲ್ಲೂ ಇರುವ ಅಲಿಖಿತ ನಿಯಮ. ಹಾಗಾಗಿ ಕಾಡು, ಅರಮನೆ, ಗುಡಿಸಲು, ಸ್ಮಶಾನ ಎಲ್ಲವನ್ನೂ ಹತ್ತಾರು ಬಾರಿ ಕಟ್ಟಿ, ಹತ್ತಾರು ಬಾರಿ ಕೆಡಿಸಿ, ಏನು ನಿಲ್ಲುತ್ತದೆ ಏನು ಬೀಳುತ್ತದೆ ಎಂಬುದನ್ನು ಕಲಿತಿದ್ದೇನೆ.

ಕಳೆದ ವರ್ಷ ಒಂದು ಶಾಲೆಯಲ್ಲಿ ನೋಡಿದ ಪ್ರದರ್ಶನವನ್ನು ಮೊದಲು ಹೇಳಬೇಕು. ಯಾವ ಶಾಲೆ ಎಂಬುದು ಇಲ್ಲಿ ಮುಖ್ಯವಲ್ಲ. ವೇದಿಕೆಯ ಹಿಂಭಾಗಕ್ಕೆ ಇಪ್ಪತ್ತು ಅಡಿ ಅಗಲದ ಫ್ಲೆಕ್ಸ್ ಕಟ್ಟಿದ್ದರು; ಅದರ ಮೇಲೆ ಓಬವ್ವನ ಕಿಂಡಿಯ ಛಾಯಾಚಿತ್ರವಿತ್ತು. ಚಿತ್ರ ಬಹಳ ಸ್ಪಷ್ಟವಾಗಿತ್ತು, ತಪ್ಪಾದದ್ದೇ ಅಲ್ಲಿ. ಬಂಡೆಯ ಪಕ್ಕದಲ್ಲಿ ಪ್ರವಾಸಿಗರಿಗಾಗಿ ನೆಟ್ಟ ಫಲಕ ಕಾಣುತ್ತಿತ್ತು, ಅದರಾಚೆ ನೀಲಿ ಅಂಗಿಯ ಒಬ್ಬಾತ ಬೆನ್ನು ತೋರಿಸಿಕೊಂಡು ನಿಂತಿದ್ದ. ದೀಪ ಹಾಕಿದ ಕೂಡಲೇ ಫ್ಲೆಕ್ಸಿನ ಹೊಳಪು ಕಣ್ಣಿಗೆ ರಾಚಿ, ಕಲ್ಲಿನ ನಡುವೆ ಎರಡು ಬಿಳಿಯ ಚಂದ್ರರು ಮೂಡಿದರು. ಗಾಳಿ ಬೀಸಿದಾಗ ಏಳುಸುತ್ತಿನ ಕೋಟೆ ಹೊಟ್ಟೆಯುಬ್ಬಿಸಿ ಇಳಿಸಿತು. ಎಲ್ಲಕ್ಕಿಂತ ಹೆಚ್ಚಾಗಿ, ಕಿಂಡಿ ಚಿತ್ರದಲ್ಲಿದ್ದರೂ ಸೈನಿಕರಿಗೆ ಅದರೊಳಗಿಂದ ಬರುವ ದಾರಿಯಿರಲಿಲ್ಲ. ಪಾಪ, ಆ ಹುಡುಗರು ಪಕ್ಕದ ಪರದೆಯ ಸಂದಿಯಿಂದ ನೆಟ್ಟಗೆ ನಡೆದು ಬಂದು, ಓಬವ್ವನ ಮುಂದೆ ತಲೆ ಬಾಗಿಸಿ, ಏಟಿಗೆ ಕಾದು ನಿಂತರು. ಪಾತ್ರ ಮಾಡಿದ ಹುಡುಗಿ ಚೆನ್ನಾಗಿಯೇ ಅಭಿನಯಿಸಿದಳು. ಆದರೆ ಆ ಕಥೆಯ ಜೀವವೇ ಒಬ್ಬರು ಮಾತ್ರ ನುಸುಳಬಹುದಾದ ಆ ಸಣ್ಣ ಸಂದಿಯಲ್ಲಿರುವಾಗ, ಸಂದಿಯನ್ನೇ ಚಪ್ಪಟೆ ಚಿತ್ರ ಮಾಡಿಟ್ಟರೆ ಅವಳಾದರೂ ಏನು ಮಾಡಬೇಕು?

ಛಾಯಾಚಿತ್ರ ಎಷ್ಟೇ ನಿಜವಾಗಿದ್ದರೂ ಅದರೊಳಗಿನ ಬೆಳಕು ಅದನ್ನು ತೆಗೆದ ಹೊತ್ತಿನದು. ಮಧ್ಯಾಹ್ನದ ನೆರಳು ಬಲಕ್ಕೆ ಬಿದ್ದಿರುವ ಕಲ್ಲಿನ ಮೇಲೆ ನಾವು ರಂಗದ ದೀಪವನ್ನು ಬಲದಿಂದಲೇ ಬಿಟ್ಟರೆ, ನೋಡುವವರಿಗೆ ಏಕೆಂದು ತಿಳಿಯದಿದ್ದರೂ ಏನೋ ಹುಸಿ ಎನ್ನಿಸುತ್ತದೆ. ಉಬ್ಬುತಗ್ಗು ನಿಜವಾಗಿರುವ ಬಂಡೆಯ ಮೇಲೆ, ಅದು ಕಾಗದದ್ದೇ ಆಗಿರಲಿ, ದೀಪ ಯಾವ ಕಡೆಯಿಂದ ಬಂದರೂ ನೆರಳು ತಾನಾಗಿಯೇ ಸರಿಯಾದ ಜಾಗದಲ್ಲಿ ಬೀಳುತ್ತದೆ. ನಾಟಕದ ಕಲ್ಲು ಕಲ್ಲಿನಂತೆ ಕಾಣುವುದು ಈ ನೆರಳಿನಿಂದ. ಅಂದಹಾಗೆ, 2016ರಲ್ಲೇ ರಾಜ್ಯ ಸರ್ಕಾರ ಫ್ಲೆಕ್ಸ್ ಬ್ಯಾನರುಗಳನ್ನು ನಿಷೇಧಿಸಿದೆ ಎಂಬುದನ್ನು ಶಾಲೆಗಳಿಗೆ ಯಾರಾದರೂ ನೆನಪಿಸಿದರೆ ಒಳ್ಳೆಯದು.

ಇನ್ನು ಕಿಂಡಿಯನ್ನು ಕಟ್ಟುವ ಬಗೆ. ನಾವು ಕಟ್ಟಿದ ಕಿಂಡಿ ಏಳು ಅಡಿ ಎತ್ತರದ ಎರಡು ತುಂಡುಗಳಾಗಿತ್ತು. ಎರಡು ತುಂಡು ಮಾಡಲು ಕಾರಣ ಕಲೆಯಲ್ಲ, ಬಾಗಿಲು. ತರಗತಿಯ ಕೋಣೆಯಲ್ಲಿ ಕಟ್ಟಿದ್ದು ಬಾಗಿಲಿನಿಂದ ಆಚೆ ಬರಬೇಕು, ಆಮೇಲೆ ಗೂಡ್ಸ್ ಆಟೊದೊಳಕ್ಕೆ ಹೋಗಬೇಕು. ಪ್ರತಿ ತುಂಡಿಗೂ ರೀಪು ಪಟ್ಟಿಯ ಚೌಕಟ್ಟು ಹೊಡೆದು, ಅದರ ಮುಂಭಾಗಕ್ಕೆ ಬಿದಿರಿನ ದಬ್ಬೆಗಳನ್ನು ಬಾಗಿಸಿ ಕಟ್ಟಿ, ಹೊಟ್ಟೆಯಂತೆ ಉಬ್ಬಿಸಿಕೊಂಡೆವು. ದುರ್ಗದ ಬಂಡೆ ಚೂಪಾದದ್ದಲ್ಲ, ಉರುಟಾದದ್ದು. ಹಾಗಾಗಿ ಬಿದಿರು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಸಣ್ಣ ಗುಂಡುಗಳಿಗೆ ದಬ್ಬೆಯನ್ನು ಬಾಗಿಸುವ ಶ್ರಮವೂ ಬೇಡ. ಮೇದಾರರ ಮನೆಯಲ್ಲಿ ತಳ ಹೋದ ಹೆಡಿಗೆ, ಮುರುಕು ಬುಟ್ಟಿ ಕೇಳಿದರೆ ಪುಕ್ಕಟೆಯಾಗಿ ಕೊಡುತ್ತಾರೆ. ಅದನ್ನು ಬೋರಲು ಹಾಕಿ ಒಂದು ಬದಿಯನ್ನು ತುಳಿದು ಸೊಟ್ಟ ಮಾಡಿದರೆ ಬಂಡೆಯ ಅಸ್ಥಿಪಂಜರ ಸಿದ್ಧವಾಯಿತು. ಸೊಟ್ಟ ಮಾಡುವುದನ್ನು ಮರೆಯಬಾರದು, ಮರೆತರೆ ಎಷ್ಟು ಬಣ್ಣ ಬಳಿದರೂ ಅದು ಬೋರಲು ಬಿದ್ದ ಬುಟ್ಟಿಯಾಗಿಯೇ ಉಳಿಯುತ್ತದೆ.

ಬಿದಿರಿನ ಮೇಲೆ ಕೋಳಿಗೂಡಿಗೆ ಹಾಕುವ ತಂತಿ ಬಲೆಯನ್ನು ಹೊದಿಸಿ ಬೈಂಡಿಂಗ್ ವೈರಿನಿಂದ ಬಿಗಿಯಬೇಕು. ಬಲೆಯನ್ನು ನುಣ್ಣಗೆ ಎಳೆಯದೆ, ಅಲ್ಲಲ್ಲಿ ಮುಷ್ಟಿಯಿಂದ ಒತ್ತಿ ತಗ್ಗು ಮಾಡಿ, ಇನ್ನೆಲ್ಲೋ ಬೆರಳಿನಿಂದ ಈಚೆಗೆ ಎಳೆಯಬೇಕು. ಮಕ್ಕಳಿಗೆ ಬಹಳ ಇಷ್ಟವಾಗುವ ಕೆಲಸವಿದು, ಕೈಗೆ ಗ್ಲೌಸು ಕೊಟ್ಟಿದ್ದರೆ ಸಾಕು. ಬಲೆ ಕೊಳ್ಳುವಷ್ಟು ಹಣವಿಲ್ಲದಿದ್ದರೆ ಗೋಣಿಚೀಲವನ್ನು ಬಿಚ್ಚಿ ಹೊಲಿದು ಹೊದಿಸಬಹುದು, ಆದರೆ ಅಂಟು ಹೀರಿ ಒಣಗಲು ದುಪ್ಪಟ್ಟು ದಿನ ಹಿಡಿಯುತ್ತದೆ.

ಅಂಟನ್ನು ಅಂಗಡಿಯಿಂದ ತರುವುದು ದುಂದು. ಒಂದು ಪಾಲು ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ನಾಲ್ಕೈದು ಪಾಲು ಕುದಿಯುವ ನೀರಿಗೆ ಸುರಿದು, ಬಿಳುಪು ಹೋಗಿ ಅರೆಪಾರದರ್ಶಕವಾಗುವವರೆಗೆ ಕೈಬಿಡದೆ ತಿರುವಬೇಕು. ಅರ್ಧ ಬೆಂದ ಮೈದಾ ಒಣಗಿದ ಮೇಲೆ ಪುಡಿಪುಡಿಯಾಗಿ ಉದುರುತ್ತದೆ. ಹುಳು, ಬೂಸ್ಟು ಹಿಡಿಯದಿರಲೆಂದು ಪುಸ್ತಕಕ್ಕೆ ರಟ್ಟು ಕಟ್ಟುವವರು ಹಾಕುವಂತೆ ಒಂದು ಚಿಟಿಕೆ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) ಹಾಕಬಹುದು, ಆದರೆ ಅದು ವಿಷವಾದ್ದರಿಂದ ಮಕ್ಕಳ ಕೈಗೆ ಕೊಡದೆ ಶಿಕ್ಷಕರೇ ಬೆರೆಸಬೇಕು, ಆ ಪಾತ್ರೆಯನ್ನು ಮತ್ತೆ ಬಿಸಿಯೂಟದ ಅಡುಗೆಮನೆಗೆ ಕಳಿಸಬಾರದು. ನಮ್ಮ ಹಿಂದಿನವರು ಹುಣಸೆಬೀಜವನ್ನು ಅರೆದು ಕಾಯಿಸಿ ಅಂಟು ಮಾಡುತ್ತಿದ್ದರು. ಹಿಡಿತ ಮೈದಾಗಿಂತ ಗಟ್ಟಿ, ಅರೆಯುವ ತಾಳ್ಮೆಯಿದ್ದವರು ಮಾಡಿ ನೋಡಬಹುದು.

ಪತ್ರಿಕೆಯನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದ ಹರಿಯಬೇಕೆಂಬುದು ಬಹಳ ಜನರಿಗೆ ತಿಳಿಯದ ಗುಟ್ಟು. ಕತ್ತರಿಸಿದ ಅಂಚು ಒಣಗಿದ ಮೇಲೆ ಗೆರೆಯಾಗಿ ಎದ್ದು ಕಾಣುತ್ತದೆ, ಹರಿದ ಅಂಚು ಪಕ್ಕದ ತುಂಡಿನೊಳಗೆ ಕರಗಿ ಹೋಗುತ್ತದೆ. ಎರಡು ಬೆರಳಗಲದ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ, ಹೆಚ್ಚಿನದನ್ನು ಬೆರಳಿನಿಂದ ಹಿಂಡಿ, ಒಂದರ ಮೇಲೊಂದು ಅಡ್ಡಡ್ಡ ಉದ್ದುದ್ದ ಅಂಟಿಸಬೇಕು. ಮೊದಲ ಪದರ ಪತ್ರಿಕೆಯದಾದರೆ ಎರಡನೆಯದು ಕಂದು ಬಣ್ಣದ ರಟ್ಟು ಕಾಗದದ್ದಿರಲಿ, ಮೂರನೆಯದು ಮತ್ತೆ ಪತ್ರಿಕೆಯದಿರಲಿ. ಹೀಗೆ ಮಾಡಿದರೆ ಯಾವ ಮೂಲೆ ಬಿಟ್ಟುಹೋಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಒಂದು ಪದರ ಒಣಗುವ ಮೊದಲೇ ಇನ್ನೊಂದನ್ನು ಹಾಕುವ ಆತುರ ಬೇಡ. ಮಲೆನಾಡಿನವರು ಒಣಗಿಸಲು ಪಾಡುಪಡಬಹುದು, ಬಯಲುಸೀಮೆಯ ನಮಗೆ ಬಿಸಿಲಿಗೇನು ಬರವೇ? ಕೊನೆಯದಾಗಿ ಹಳೆಯ ಪಂಚೆಯನ್ನೋ ಮಂಜರಪಾಟನ್ನೋ ಅಂಟಿನಲ್ಲಿ ಅದ್ದಿ ಹೊದಿಸಿ, ಅಲ್ಲಲ್ಲಿ ನಿರಿಗೆಯನ್ನು ಹಾಗೆಯೇ ಬಿಟ್ಟರೆ, ಒಣಗಿದ ಮೇಲೆ ಆ ನಿರಿಗೆಗಳೇ ಬಂಡೆಯ ಬಿರುಕುಗಳಾಗುತ್ತವೆ. ಕಾಗದದ ಮೇಲೆ ನೇರವಾಗಿ ಬಣ್ಣ ಹಚ್ಚಿದರೆ ಮೊದಲ ಸಾಲಿನಲ್ಲಿ ಕೂತವರು ನಿಧನವಾರ್ತೆಯ ಅಂಕಣವನ್ನು ಓದಿಕೊಳ್ಳುವ ಅಪಾಯವಿದೆ.

ಕಿಂಡಿಯನ್ನು ಪ್ರೇಕ್ಷಕರಿಗೆ ನೇರ ಎದುರಾಗಿ ಇಡಬಾರದು. ಸ್ವಲ್ಪ ಓರೆಯಾಗಿ ನಿಲ್ಲಿಸಿದರೆ ತೆವಳಿ ಬರುವವನ ತಲೆಯೂ ಕಾಣುತ್ತದೆ, ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತ ಓಬವ್ವನೂ ಕಾಣುತ್ತಾಳೆ, ಅವರಿಬ್ಬರಲ್ಲಿ ಒಬ್ಬನಿಗೆ ಮಾತ್ರ ಇನ್ನೊಬ್ಬಳು ಕಾಣುವುದಿಲ್ಲ. ಸಂದಿಯ ಎತ್ತರ ಮೂರು ಅಡಿಗಿಂತ ಹೆಚ್ಚಿರಬಾರದು. ಹುಡುಗ ಮಂಡಿಯೂರಿಯೇ ಬರಬೇಕು. ಒಳಗೆ ಕಪ್ಪು ಬಟ್ಟೆಯನ್ನು ಇಳಿಬಿಟ್ಟರೆ ಬೆಳಕನ್ನು ಅದು ನುಂಗಿಕೊಂಡು, ಎರಡಡಿ ಆಳದ ಸಂದಿ ಎಷ್ಟೋ ದೂರದಿಂದ ಬರುವ ದಾರಿಯಂತೆ ತೋರುತ್ತದೆ. ಸಂದಿಯ ಅಂಚಿನಲ್ಲಿ ತಂತಿಯ ತುದಿಗಳು ಹೊರಗೆ ಚಾಚದಂತೆ ಒಳಕ್ಕೆ ಮಡಚಿ, ಮೇಲೆ ಬಟ್ಟೆಯ ಎರಡು ಪದರ ಸುತ್ತಬೇಕು. ಒನಕೆಯಂತೂ ನಿಜವಾದದ್ದು ಬೇಡವೇ ಬೇಡ. ಪಿವಿಸಿ ಪೈಪಿಗೆ ಸ್ಪಂಜು ಸುತ್ತಿ, ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಮರದ ಬಣ್ಣ, ತುದಿಯಲ್ಲಿ ಕಬ್ಬಿಣದ ಅಣಸಿನ ಜಾಗಕ್ಕೆ ಬೂದು ಬಣ್ಣದ ಒಂದು ಪಟ್ಟೆ ಇಷ್ಟಾದರೆ ಸಾಕು. ಭಾರವಿದೆ ಎಂದು ತೋರಿಸುವುದು ಹುಡುಗಿಯ ಅಭಿನಯಕ್ಕೆ ಸೇರಿದ್ದು.

ನನ್ನ ಮೊದಲ ಕಿಂಡಿಯ ಕಥೆಯನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನೋಡಲು ಸೊಗಸಾಗಿತ್ತು, ಆದರೆ ಕಾಗದದ ಬಂಡೆ ಎಷ್ಟು ಹಗುರ ಎಂಬುದನ್ನು ಮರೆತು ಹಿಂದಿನಿಂದ ಆಧಾರ ಕೊಟ್ಟಿರಲಿಲ್ಲ. ಮೊದಲ ಸೈನಿಕನ ಭುಜ ತಗುಲಿದಾಗಲೇ ಬಂಡೆ ಅಲುಗಿತು. ಓಬವ್ವ ಒರಗಿ ನಿಂತಾಗ ಅವಳ ಉಸಿರಿನ ಜೊತೆಗೇ ಅದೂ ಹಿಂದೆ ಮುಂದೆ ಆಡತೊಡಗಿತು. ಸಭೆಯ ಹಿಂದಿನಿಂದ ಯಾವನೋ ಪೋರ "ಕಲ್ಲು ಉಸಿರಾಡ್ತೈತಿ ನೋಡ್ರೋ" ಎಂದು ಕೂಗಿದ. ಅಲ್ಲಿಂದ ಮುಂದೆ ಹೈದರಾಲಿಯ ಸೈನ್ಯ ಸತ್ತದ್ದೆಲ್ಲ ನಗೆಯ ನಡುವೆಯೇ. ಆಮೇಲೆಂದೂ ನಾನು ಹಿಂಬದಿಗೆ ಮುಕ್ಕಾಲಿಯಂತೆ ಓರೆ ಪಟ್ಟಿ ಹೊಡೆಯದೆ, ಅದರ ಬುಡಕ್ಕೆ ಎರಡೆರಡು ಮರಳು ಚೀಲಗಳನ್ನು ಹೇರದೆ ಯಾವ ಬಂಡೆಯನ್ನೂ ವೇದಿಕೆಗೆ ಕಳಿಸಿಲ್ಲ.

ಬಣ್ಣದ ವಿಷಯಕ್ಕೆ ಬಂದರೆ, ನಮ್ಮ ಶಾಲೆಗಳು ಮಾಡುವ ದೊಡ್ಡ ತಪ್ಪೆಂದರೆ ಕಲ್ಲೆಂದ ಕೂಡಲೇ ಕಪ್ಪು ಡಬ್ಬಿಯನ್ನು ತೆರೆಯುವುದು. ದುರ್ಗದ ಕಲ್ಲು ಕಪ್ಪಲ್ಲ. ಬಸ್‌ ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ ಕೋಟೆ ಇರುವಾಗ, ಬ್ರಶ್ ಹಿಡಿಯುವ ಮೊದಲು ಮಕ್ಕಳನ್ನು ಒಂದು ಬೆಳಿಗ್ಗೆ ಅಲ್ಲಿಗೆ ಕರೆದೊಯ್ದು, ಒಂದೇ ಒಂದು ಬಂಡೆಯ ಮುಂದೆ ಅರ್ಧ ಗಂಟೆ ಕೂರಿಸಬೇಕು. ಬೂದು ಬಣ್ಣದ ಒಳಗೆ ನಸುಗೆಂಪು ಛಾಯೆ ಇರುವುದು, ಮಳೆನೀರು ಇಳಿದ ದಾರಿಯಲ್ಲಿ ಮೇಲಿನಿಂದ ಕೆಳಕ್ಕೆ ಕಪ್ಪು ಪಟ್ಟೆಗಳು ಮೂಡಿರುವುದು, ನೆರಳಿನ ಬದಿಯಲ್ಲಿ ಬೂದುಹಸಿರಿನ ಕಲ್ಲುಹೂವು ಹಬ್ಬಿರುವುದು, ಕಲ್ಲು ಸೀಳಲು ಹಿಂದಿನವರು ಉಳಿಯಿಂದ ಕೊರೆದ ಚೌಕ ಗುಳಿಗಳು ಸಾಲಾಗಿ ಉಳಿದಿರುವುದು ಎಲ್ಲವನ್ನೂ ಅವರೇ ಕಂಡುಹಿಡಿಯುತ್ತಾರೆ. ನನ್ನ ವಿದ್ಯಾರ್ಥಿನಿಯೊಬ್ಬಳು ಆ ಗುಳಿಗಳನ್ನು ನೋಡಿ ಬಂದು, ಕಾಗದ ಇನ್ನೂ ಹಸಿಯಿದ್ದಾಗಲೇ ಪೆನ್ಸಿಲ್ ಡಬ್ಬಿಯ ಮೂಲೆಯಿಂದ ಒಂದು ಸಾಲು ಒತ್ತಿದಳು. ಇಡೀ ಸೀನರಿಯಲ್ಲಿ ಜನ ಹತ್ತಿರ ಬಂದು ಮುಟ್ಟಿ ನೋಡಿದ್ದು ಆ ಒಂದು ಸಾಲನ್ನೇ.

ಬಣ್ಣಕ್ಕೆ ಬಿಳಿ ಡಿಸ್ಟೆಂಪರು, ಕೆಮ್ಮಣ್ಣು, ಹಳದಿ ಮಣ್ಣು, ಸ್ವಲ್ಪ ನೀಲಿ, ಸ್ವಲ್ಪ ಕಾಡಿಗೆ ಪುಡಿ ಇಷ್ಟೇ ಬೇಕಾದದ್ದು. ಮೊದಲು ಇಡೀ ಬಂಡೆಗೆ ಗಾಢವಾದ ಬೂದುಗಂದು ಬಣ್ಣವನ್ನು ತಗ್ಗುಗಳೊಳಗೆ ಇಳಿಯುವಂತೆ ನೀರಾಗಿ ಬಳಿಯಬೇಕು. ಅದು ಒಣಗಿದ ಮೇಲೆ ನಡುಬಣ್ಣವನ್ನು ಸ್ಪಂಜಿನಿಂದ ತಟ್ಟಬೇಕು, ಉಜ್ಜಬಾರದು. ಕೊನೆಗೆ ಬಹುತೇಕ ಒಣಗಿಯೇ ಇರುವ ಬ್ರಶ್ಶಿನ ತುದಿಗೆ ತಿಳಿ ಬೂದು ಬಣ್ಣ ಸೋಂಕಿಸಿ, ಉಬ್ಬುಗಳ ನೆತ್ತಿಯ ಮೇಲೆ ಮಾತ್ರ ತೇಲಿಸಿಕೊಂಡು ಹೋದರೆ, ಅಷ್ಟು ಹೊತ್ತು ಮುದ್ದೆಯಂತೆ ಕಂಡ ವಸ್ತು ಕಣ್ಣೆದುರಿಗೇ ಕಲ್ಲಾಗುತ್ತದೆ. ಮೂವತ್ತು ವರ್ಷ ನೋಡಿದರೂ ನನಗೆ ಇದು ಹಳತಾಗಿಲ್ಲ.

ಮಕ್ಕಳು, ಅವರಿಗಿಂತ ಹೆಚ್ಚಾಗಿ ಮುಖ್ಯೋಪಾಧ್ಯಾಯರು, ಹತ್ತಿರದಿಂದ ನೋಡಿ "ಇನ್ನೂ ನೀಟಾಗಿ ಮಾಡಿ" ಎನ್ನುತ್ತಾರೆ. ಒಪ್ಪಬಾರದು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ರಂಗಸಜ್ಜಿಕೆಗೆ ಅಕ್ಷರಶಃ ಅನ್ವಯಿಸುತ್ತದೆ. ಮೂವತ್ತು ಅಡಿ ದೂರ ಹೇಗಿದ್ದರೂ ಎಲ್ಲವನ್ನೂ ನುಣ್ಣಗೆ ಮಾಡಿಬಿಡುವುದರಿಂದ, ಹತ್ತಿರದಲ್ಲಿ ಅದು ಒರಟಾಗಿಯೇ ಇರಬೇಕು. ಬಾಲ್ಯದಲ್ಲಿ ದಾವಣಗೆರೆಯಲ್ಲಿ ಕಂಪನಿ ನಾಟಕದ ಥಿಯೇಟರಿನ ಹಿಂದೆ ಒಣಹಾಕಿದ್ದ ದರ್ಬಾರ್ ಸೀನಿನ ಪರದೆಯೊಂದನ್ನು ನಾನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ್ದೆ. ಹಿಂದಿನ ರಾತ್ರಿ ಬಾಯಿ ಬಿಟ್ಟುಕೊಂಡು ನೋಡಿದ ಅಮೃತಶಿಲೆಯ ಕಂಬ ಅಲ್ಲಿ ಮೂರೇ ಮೂರು ಗೆರೆಯಾಗಿತ್ತು, ಅದೂ ಪೊರಕೆಯಿಂದ ಎಳೆದಂತೆ. ಮೋಸವಾಯಿತೆಂದು ಆಗ ಅನ್ನಿಸಿತ್ತು. ಆ ಮೂರು ಗೆರೆಗಳನ್ನು ಎಲ್ಲಿ ಎಳೆಯಬೇಕೆಂದು ತಿಳಿಯುವುದರಲ್ಲೇ ನನ್ನ ಅರ್ಧ ಸೇವಾವಧಿ ಕಳೆಯಿತು.

ಬಣ್ಣವನ್ನು ಹಗಲು ಬೆಳಕಿನಲ್ಲಿ ನೋಡಿ ತೃಪ್ತಿಪಟ್ಟರೆ ಸಾಲದು, ನಾಟಕಕ್ಕೆ ಹಾಕುವ ದೀಪದಲ್ಲೇ ಒಮ್ಮೆ ನೋಡಬೇಕು. ರಾತ್ರಿಯ ದೃಶ್ಯಕ್ಕೆಂದು ನೀಲಿ ದೀಪ ಬಿಟ್ಟರೆ ಕೆಮ್ಮಣ್ಣಿನ ಕೆಂಪು ಕಪ್ಪಾಗಿ ಬಿಡುತ್ತದೆ. ಹಿಂದಿನ ಬಟ್ಟೆಯ ಮೇಲೆ ದೂರದ ಬತ್ತೇರಿ, ಕೋಟೆಯ ಸುತ್ತುಗಳನ್ನು ಬರೆಯುವುದಾದರೆ ತಿಳಿಯಾದ, ಮಂಕಾದ ಬಣ್ಣದಲ್ಲಿ ಬರೆಯಬೇಕು, ಮತ್ತು ಪಾತ್ರಧಾರಿಗಳನ್ನು ಅದರಿಂದ ನಾಲ್ಕಾರು ಅಡಿ ಈಚೆಗೇ ನಿಲ್ಲಿಸಬೇಕು. ಇಲ್ಲವಾದರೆ ಮದಕರಿ ನಾಯಕನ ಮಂಡಿ ಬತ್ತೇರಿಯ ತುದಿಗೆ ಬರುತ್ತದೆ.

ಉಳಿದ ಸಾಮಗ್ರಿಗಳಿಗೆ ನಮ್ಮ ಎರಡು ಜಿಲ್ಲೆಗಳು ಒಂದು ದೊಡ್ಡ ಉಗ್ರಾಣವಿದ್ದಂತೆ. ಚನ್ನಗಿರಿ ಕಡೆಯ ಅಡಿಕೆ ಹಾಳೆ ನೆನೆಸಿ ಬಾಗಿಸಿದರೆ ಮರದ ತೊಗಟೆಯೂ ಆಗುತ್ತದೆ, ಸೈನಿಕರ ಎದೆಗವಚವೂ ಆಗುತ್ತದೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದೆ ಬಿದ್ದಿರುವ ಶೇಂಗಾ ಸಿಪ್ಪೆಯನ್ನು ಅಂಟಿಗೆ ಉದುರಿಸಿ ಮೇಲೆ ಬಣ್ಣ ಬಳಿದರೆ ಕಲ್ಲುಗರಸಿನ ನೆಲವಾಗುತ್ತದೆ. ಮೆಕ್ಕೆಜೋಳದ ಸಿಪ್ಪೆಯನ್ನು ಸಾಲಾಗಿ ಹೊಲಿದರೆ ಗುಡಿಸಲಿನ ಸೂರು. ದಾವಣಗೆರೆಯ ಮಂಡಕ್ಕಿ ಅಂಗಡಿಗಳಲ್ಲಿ ಖಾಲಿ ಚೀಲಗಳಿಗೆ ಬರವಿಲ್ಲ. ಸಾಮಾನು ಬಂದ ರಟ್ಟಿನ ಪೆಟ್ಟಿಗೆಯನ್ನು ನೀರಿನಿಂದ ಒರೆಸಿ ಮೇಲಿನ ಒಂದು ಹಾಳೆಯನ್ನು ಸುಲಿದರೆ ಒಳಗಿನ ಅಲೆಗಳು ಹೊರಬಿದ್ದು, ಹೆಂಚಿನ ಮಾಡಿಗೆ ಅದಕ್ಕಿಂತ ಒಳ್ಳೆಯ ವಸ್ತು ಇನ್ನೊಂದಿಲ್ಲ. ಮಣ್ಣಿನ ಗೋಡೆ ಬೇಕಾದರೆ ಸಾಮಿಲ್ಲಿನ ಹೊಟ್ಟನ್ನು ಡಿಸ್ಟೆಂಪರಿಗೇ ಕಲಸಿ ಕೈಯಿಂದ ಸಾರಿಸಬೇಕು.

ಥರ್ಮೋಕೋಲಿನ ಬಗ್ಗೆ ಕೇಳುವವರಿದ್ದಾರೆ. ಕೆತ್ತಲು ಸುಲಭ, ಹಗುರ ಎಂಬುದು ನಿಜ. ಆದರೆ ಕಾಯಿಸಿದ ತಂತಿಯಿಂದ ಕೊಯ್ಯುವಾಗ ಬರುವ ಹೊಗೆ ಮಕ್ಕಳು ಕುಡಿಯತಕ್ಕದ್ದಲ್ಲ, ಮಿಕ್ಕ ಚೂರುಗಳು ಮಣ್ಣಿನಲ್ಲಿ ಕರಗುವುದೂ ಇಲ್ಲ. ಹಿಂದೊಮ್ಮೆ ನಾವು ಥರ್ಮೋಕೋಲಿನಲ್ಲೇ ಕೋಟೆಯ ತೆನೆಗಳನ್ನು ಅಂದವಾಗಿ ಕತ್ತರಿಸಿ ನಿಲ್ಲಿಸಿದ್ದೆವು. ನಾಟಕದ ದಿನ ಸಂಜೆ ಉತ್ಸಾಹಿ ಸಹೋದ್ಯೋಗಿಯೊಬ್ಬರು ಹೊಳಪಿರಲೆಂದು ಸ್ಪ್ರೇ ಪೇಂಟ್ ಹೊಡೆದರು. ಸ್ಪ್ರೇಯೊಳಗಿನ ದ್ರಾವಕಕ್ಕೆ ಥರ್ಮೋಕೋಲು ಕರಗಿ, 1779ರಲ್ಲಿ ಹೈದರಾಲಿಗೆ ತಿಂಗಳುಗಟ್ಟಲೆ ಹಿಡಿದ ಕೆಲಸ ನಮ್ಮ ಕೋಟೆಗೆ ಎರಡು ನಿಮಿಷದಲ್ಲಿ ಮುಗಿಯಿತು. ಬಳಸಲೇಬೇಕೆಂದಿದ್ದರೆ ನೀರಿನಲ್ಲಿ ಕಲಸುವ ಬಣ್ಣ ಮತ್ತು ಬಿಳಿಯ ಫೆವಿಕಾಲ್ ಮಾತ್ರ ಬಳಸಬೇಕು.

ಒಂದು ವಿಷಯದಲ್ಲಿ ಮಾತ್ರ ಕಾಗದ ಮತ್ತು ಬಟ್ಟೆಯ ವಿರುದ್ಧ ಯಾರಾದರೂ ಆಕ್ಷೇಪವೆತ್ತಿದರೆ ನಾನು ತಲೆಬಾಗುತ್ತೇನೆ. ಅದು ಬೆಂಕಿ. ಇದಕ್ಕೂ ದುಬಾರಿಯಲ್ಲದ ಉಪಾಯವಿದೆ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಬಿಳಿಗಾರ (ಬೋರಾಕ್ಸ್) 700 ಗ್ರಾಂ, ಬೋರಿಕ್ ಆಸಿಡ್ ಪುಡಿ 300 ಗ್ರಾಂ ತೆಗೆದುಕೊಂಡು 10 ಲೀಟರ್ ಬಿಸಿನೀರಿನಲ್ಲಿ ಕರಗಿಸಿ, ಬಣ್ಣ ಹಚ್ಚುವ ಮೊದಲು ಬಟ್ಟೆಗೂ ಗೋಣಿಗೂ ಹಿಂಬದಿಯ ಕಾಗದಕ್ಕೂ ತೋಯುವಂತೆ ಹೊಡೆದು ಒಣಗಿಸಿದರೆ, ಕಿಡಿ ತಗುಲಿದರೂ ಅದು ಕರಿಕಾಗಿ ನಿಲ್ಲುತ್ತದೆಯೇ ಹೊರತು ಸುಲಭವಾಗಿ ಉರಿದು ಹಬ್ಬುವುದಿಲ್ಲ. ಮೊದಲು ಒಂದು ತುಂಡನ್ನು ಶಾಲೆಯ ಅಂಗಳದಲ್ಲಿ ಕಡ್ಡಿ ಗೀರಿ ಪರೀಕ್ಷಿಸಬೇಕು, ಮಳೆಯಲ್ಲಿ ನೆಂದರೆ ಮತ್ತೆ ಹೊಡೆಯಬೇಕು. ಇಷ್ಟೆಲ್ಲ ಮಾಡಿಯೂ ಹ್ಯಾಲೋಜನ್ ದೀಪವನ್ನು ಸೀನರಿಯಿಂದ ದೂರವಿಡಬೇಕು; ವೇದಿಕೆಯ ಎರಡೂ ಬದಿಗೆ ಮರಳಿನ ಬಕೆಟ್ ಇರಲೇಬೇಕು. ಬಿಳಿಗಾರದ ದ್ರಾವಣವನ್ನೂ ದೊಡ್ಡವರೇ ಹೊಡೆಯಲಿ.

ನಾನು ಬಾಡಿಗೆ ಸೀನರಿಯವರ ಹೊಟ್ಟೆಯ ಮೇಲೆ ಹೊಡೆಯಲು ಹೊರಟಿದ್ದೇನೆಂದು ಯಾರೂ ತಿಳಿಯಬಾರದು. "ಭವ್ಯ ರಂಗಸಜ್ಜಿಕೆಯಲ್ಲಿ" ಎಂಬ ಸಾಲಿಲ್ಲದ ನಾಟಕದ ಹಸ್ತಪತ್ರವನ್ನು ನಮ್ಮ ಹಳ್ಳಿಗಳಲ್ಲಿ ನಾನು ಕಂಡಿಲ್ಲ. ಊರ ಹಬ್ಬದ ಪೌರಾಣಿಕ ನಾಟಕಕ್ಕೆ ಆ ಪರದೆಗಳೇ ಶೋಭೆ. ಪಾರಸಿ ಕಂಪನಿಗಳ ದಾರಿಯಲ್ಲಿ ನಮ್ಮಲ್ಲಿಗೆ ಬಂದ ಆ ಬಣ್ಣದ ಪರದೆಯ ವಿದ್ಯೆಯನ್ನು ಗುಬ್ಬಿ ವೀರಣ್ಣನವರಂಥವರು ಎಲ್ಲಿಗೆ ಮುಟ್ಟಿಸಿದರೆಂದರೆ, ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳೇ ರಂಗವನ್ನೇರಿದವು. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಪರದೆಗಳನ್ನು ನೆನೆಸಿಕೊಳ್ಳುವ ಹಿರಿಯರು ಈಗಲೂ ಇದ್ದಾರೆ. ಇನ್ನೊಂದು ತುದಿಯಲ್ಲಿ, ಬಯಲಾಟಕ್ಕೆ ಸೀನರಿಯೇ ಬೇಕಿಲ್ಲ. ಭಾಗವತರು ಕಾಡೆಂದರೆ ಕಾಡು, ಸಭೆಯೆಂದರೆ ಸಭೆ. ನಮ್ಮದೇ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಿಂದ ಊರೂರು ಸುತ್ತುತ್ತಿರುವ ಶಿವಸಂಚಾರ ನಾಟಕ ತಂಡದವರು, ದಿನಕ್ಕೊಂದು ಊರಿನಲ್ಲಿ ಬಿಚ್ಚಿ ಕಟ್ಟಬಹುದಾದಷ್ಟೇ ಸಜ್ಜಿಕೆಯಿಂದ ಕೆಲಸ ತೂಗಿಸುವುದನ್ನು ನಾವೆಲ್ಲ ನೋಡಿದ್ದೇವೆ. ಶಾಲೆಯ ಓಬವ್ವನಿಗೆ ಬೇಕಾದದ್ದು ಇವೆರಡರ ನಡುವಿನದು. ದರ್ಬಾರೂ ಬೇಡ, ಅಂತಃಪುರವೂ ಬೇಡ, ನುಸುಳಿ ಬರಬಹುದಾದ ಒಂದು ನಿಜವಾದ ಸಂದಿ ಬೇಕು.

ಆದುದರಿಂದ ತಮ್ಮ ಪತ್ರಿಕೆಯ ಮೂಲಕ ಶಿಕ್ಷಣ ಇಲಾಖೆಗೆ ಮತ್ತು ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ನನ್ನ ವಿನಂತಿ ಇಷ್ಟು. ಶಾಲಾ ಶಿಕ್ಷಕರಿಗೆ ತಾಲ್ಲೂಕಿಗೊಂದರಂತೆ ಎರಡು ದಿನದ ಕಮ್ಮಟ ನಡೆಸಬೇಕು. ಅದು ಭಾಷಣದ ಕಮ್ಮಟವಾಗಿರದೆ ಕೈಗೆ ಅಂಟು ಮೆತ್ತುವ ಕಮ್ಮಟವಾಗಿರಬೇಕು. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದ ವಿದ್ಯಾರ್ಥಿಗಳು ಇದಕ್ಕೆ ಬಂದರೆ ಅವರಿಗೂ ಕಲಿಕೆಯಾಗುತ್ತದೆ. ನಾಟಕ ಸ್ಪರ್ಧೆಗಳಲ್ಲಿ ರಂಗಸಜ್ಜಿಕೆಗೆ ಅಂಕ ಕೊಡುವಾಗ ಬಾಡಿಗೆ ತಂದದ್ದಕ್ಕೂ ಮಕ್ಕಳು ಕಟ್ಟಿದ್ದಕ್ಕೂ ಭೇದವೆಣಿಸಬೇಕು. ಕಟ್ಟಿದ ಸೀನರಿಯನ್ನು ಮಾರನೆಯ ದಿನವೇ ಒಲೆಗೆ ಹಾಕದೆ, ತಾಲ್ಲೂಕಿಗೊಂದು ಒಣ ಕೋಣೆಯಲ್ಲಿಟ್ಟು ಶಾಲೆಯಿಂದ ಶಾಲೆಗೆ ಎರವಲು ಕೊಡುವ ಏರ್ಪಾಡಾಗಬೇಕು. ನಾವು ಕೊನೆಯ ಬಾರಿ ಕಟ್ಟಿದಾಗ ಬಿದಿರು, ಬಲೆ, ಮೈದಾ, ಡಿಸ್ಟೆಂಪರು ಎಲ್ಲಾ ಸೇರಿ 2,000 ರೂಪಾಯಿಯ ಆಸುಪಾಸಿನಲ್ಲಿ ಮುಗಿದಿತ್ತು. ಪತ್ರಿಕೆಗಳನ್ನು ಮಕ್ಕಳು ಮನೆಯಿಂದ ತಂದಿದ್ದರು.

ಆ ಕಿಂಡಿ ಈಗಲೂ ಇದೆ, ಪರಿಚಿತರೊಬ್ಬರ ಗೋದಾಮಿನಲ್ಲಿ ನಿಲ್ಲಿಸಿದ್ದೇನೆ. ಪತ್ರ ಬರೆದು ನೊಂದುಕೊಂಡ ಶಿಕ್ಷಕ ಮಿತ್ರರು ತಮ್ಮ ಕಚೇರಿಯ ಮೂಲಕ ತಿಳಿಸಿದರೆ ಈ ಬಾರಿಯ ಜಯಂತಿಗೆ ಸಂತೋಷದಿಂದ ಕೊಡುತ್ತೇನೆ. ಒಂದು ಗೂಡ್ಸ್ ಆಟೊ, ನಾಲ್ಕು ಮರಳು ಚೀಲ ಅವರದೇ ಆಗಬೇಕು. ಎಡಗಡೆಯ ತುಂಡಿನ ಬುಡವನ್ನು ಇಲಿ ಒಂದು ಗೇಣಿನಷ್ಟು ಕಡಿದಿದೆ; ಅಲ್ಲಿಗೆ ಎರಡು ಪದರ ಕಾಗದ ಅಂಟಿಸಿ ಬಣ್ಣ ಮುಟ್ಟಿಸಿಕೊಂಡರೆ ಸಾಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಚಿತ್ರಕಲಾ ಶಿಕ್ಷಕ
ಚಿತ್ರದುರ್ಗ